ಸರಾಸರಿಗೂ ಮೊದಲು: ಅಂಕಿಅಂಶ ಓದಲು ಕಲಿಯುವವರಿಗೆ ಒಂದು ಮಾರ್ಗದರ್ಶಿ

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸೂತ್ರ ಬರೆದು ಎಂಟರ್ ಒತ್ತಿದರೆ ಸಾವಿರ ಸಂಖ್ಯೆಗಳ ಸರಾಸರಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ. ಲೆಕ್ಕ ಹಾಕುವುದು ಈಗ ಯಾರಿಗೂ ಕಷ್ಟದ ಕೆಲಸವಲ್ಲ. ಆದರೆ ಯಾವುದರ ಲೆಕ್ಕ ಹಾಕಬೇಕು, ಬಂದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಯಂತ್ರ ಹೇಳುವುದಿಲ್ಲ. ಅಂಕಿಅಂಶಗಳ ವಿಷಯದಲ್ಲಿ ಜನ ಎಡವುವುದು ಕೂಡುವ, ಭಾಗಿಸುವ ಜಾಗದಲ್ಲಲ್ಲ, ಅದಕ್ಕೂ ಮುಂಚೆ. ಹಾಗಾಗಿ ಈ ಲೇಖನದಲ್ಲಿ ಸೂತ್ರಗಳಿಗಿಂತ ಸೂತ್ರದ ಹಿಂದುಮುಂದಿನ ಕೆಲಸಕ್ಕೇ ಹೆಚ್ಚು ಜಾಗ. ಬೇಕಾಗುವ ಸಾಮಗ್ರಿ ಪೆನ್ಸಿಲ್, ಒಂದು ಹಾಳೆ, ಮತ್ತು ಯಾವುದಾದರೂ ಒಂದು ಸ್ಪ್ರೆಡ್‌ಶೀಟ್. ಶಾಲೆಯಲ್ಲಿ ಕಲಿತ ವರ್ಗಮೂಲ ನೆನಪಿದ್ದರೆ ಸಾಕು.

ಹೆಜ್ಜೆ 1: ಒಂದು ಸಾಲು ಎಂದರೆ ಏನು?

ದತ್ತಾಂಶ ಕೈಗೆ ಬಂದ ತಕ್ಷಣ ಕೇಳಬೇಕಾದ ಪ್ರಶ್ನೆ ಇದು. ಕೋಷ್ಟಕದ ಒಂದು ಸಾಲು ಒಬ್ಬ ವ್ಯಕ್ತಿಯೇ, ಒಂದು ಕುಟುಂಬವೇ, ಒಂದು ಭೇಟಿಯೇ? ಆಸ್ಪತ್ರೆಯ ಪಟ್ಟಿಯಲ್ಲಿ 500 ಸಾಲುಗಳಿವೆ ಎಂದರೆ 500 ರೋಗಿಗಳು ಎಂದು ಅರ್ಥವಲ್ಲ. ಒಬ್ಬರೇ ಹತ್ತು ಸಲ ಬಂದಿರಬಹುದು. ಸಾಲು ಏನೆಂದು ಗೊತ್ತಾಗದೆ ಮಾಡಿದ ಎಣಿಕೆ ಯಾವುದರ ಎಣಿಕೆಯೂ ಅಲ್ಲ.

ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಇದನ್ನು ಬರೆದವರು ಯಾರು, ಹೇಗೆ ಬರೆದರು? 1662ರಲ್ಲಿ ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ ಲಂಡನ್ನಿನ ಸಾವುಗಳ ವಾರದ ಪಟ್ಟಿಗಳನ್ನು ಒಟ್ಟುಗೂಡಿಸಿ ಅಧ್ಯಯನ ಪ್ರಕಟಿಸಿದ. ಜನಸಂಖ್ಯೆಯ ಸಂಖ್ಯಾಶಾಸ್ತ್ರ ಶುರುವಾಗುವುದೇ ಅಲ್ಲಿಂದ ಎನ್ನುವವರಿದ್ದಾರೆ. ಆದರೆ ಅವನಲ್ಲಿ ನನಗೆ ಮೆಚ್ಚಿಗೆಯಾಗುವುದು ಅವನ ಅನುಮಾನ. ಲೈಂಗಿಕ ರೋಗದಿಂದಾದ ಸಾವುಗಳು ಪಟ್ಟಿಯಲ್ಲಿ ತೀರಾ ಕಡಿಮೆ ಕಾಣುತ್ತಿವೆ, ಸಾವಿನ ಕಾರಣ ಪತ್ತೆಹಚ್ಚಲು ನೇಮಿಸಿದವರು ಲಂಚ ಪಡೆದು ಬೇರೆ ಕಾರಣ ಬರೆಸುತ್ತಿರಬಹುದು ಎಂದು ಅವನು ಅಂದೇ ಗುರುತಿಸಿದ. ಕೋಷ್ಟಕದೊಳಗಿನ ಸಂಖ್ಯೆಯ ಹಿಂದೆ ಅದನ್ನು ಬರೆದ ಕೈಯೊಂದಿದೆ ಎಂಬುದನ್ನು ಮರೆಯದಿದ್ದದ್ದೇ ಅವನ ಹೆಚ್ಚುಗಾರಿಕೆ.

ಹೆಜ್ಜೆ 2: ಸಂಖ್ಯೆಯಂತೆ ಕಾಣುವುದೆಲ್ಲ ಸಂಖ್ಯೆಯಲ್ಲ

ಪ್ರತಿ ಕಾಲಂ ಒಂದೊಂದು ಗುಣವನ್ನು ದಾಖಲಿಸುತ್ತದೆ. ಅದನ್ನು ಚಲಕ ಎನ್ನುತ್ತಾರೆ. ಸ್ಟೀವನ್ಸ್ ಎಂಬ ಮನೋವಿಜ್ಞಾನಿ 1946ರಲ್ಲಿ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಕೆಲವು ಬರೀ ಹೆಸರುಗಳು: ರಕ್ತದ ಗುಂಪು, ಪಿನ್ ಕೋಡ್. ಪಿನ್ ಕೋಡ್ ಅಂಕಿಗಳಲ್ಲೇ ಇದ್ದರೂ ಅದರ ಸರಾಸರಿಗೆ ಅರ್ಥವಿಲ್ಲ. ಕೆಲವಕ್ಕೆ ಕ್ರಮವಿದೆ, ಆದರೆ ನಡುವಿನ ಅಂತರ ಗೊತ್ತಿಲ್ಲ: ಮೊದಲ ಸ್ಥಾನ, ಎರಡನೆಯ ಸ್ಥಾನ, ಅಥವಾ ‘ತೃಪ್ತಿಯಿದೆ, ಪರವಾಗಿಲ್ಲ, ತೃಪ್ತಿಯಿಲ್ಲ’. ಇನ್ನು ಕೆಲವಕ್ಕೆ ಅಂತರ ಗೊತ್ತು, ಆದರೆ ಸೊನ್ನೆ ನಿಜವಾದ ಸೊನ್ನೆಯಲ್ಲ. 20 ಡಿಗ್ರಿ ಸೆಲ್ಸಿಯಸ್ 10 ಡಿಗ್ರಿಗಿಂತ ಎರಡು ಪಟ್ಟು ಬಿಸಿ ಎನ್ನಲಾಗದು. ಉಳಿದವು ತೂಕ, ಉದ್ದ, ಸಮಯದಂಥವು. ಇವಕ್ಕೆ ಗಣಿತದ ಎಲ್ಲ ಕ್ರಿಯೆಗಳೂ ಒಪ್ಪುತ್ತವೆ.

ಹೋಟೆಲು, ಸಿನಿಮಾಗಳಿಗೆ ಜನ ಕೊಡುವ ಒಂದರಿಂದ ಐದರವರೆಗಿನ ನಕ್ಷತ್ರಗಳ ಸರಾಸರಿಯನ್ನು ಎಲ್ಲರೂ ಹಾಕುತ್ತಾರೆ. ಶಾಸ್ತ್ರದ ಪ್ರಕಾರ ಹಾಕಬಾರದು. ಹಾಕಿದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಎಲ್ಲರೂ ಮೂರು ಕೊಟ್ಟಾಗಲೂ ಸರಾಸರಿ 3, ಅರ್ಧ ಜನ ಒಂದು ಮತ್ತು ಅರ್ಧ ಜನ ಐದು ಕೊಟ್ಟಾಗಲೂ 3 ಎಂಬುದು ನೆನಪಿರಲಿ.

ಹೆಜ್ಜೆ 3: ಕಸ ತೆಗೆಯುವುದು

ಮೂಲ ಕಡತವನ್ನು ಮುಟ್ಟಬೇಡಿ. ಪ್ರತಿ ಮಾಡಿಕೊಂಡು ಅದರಲ್ಲೇ ಕೆಲಸ ಮಾಡಿ. ನಂತರ ಪ್ರತಿ ಕಾಲಂನ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಬೆಲೆ ನೋಡಿ. ವಯಸ್ಸು 999 ಎಂದಿದ್ದರೆ ಅದು ‘ಗೊತ್ತಿಲ್ಲ’ ಎಂಬುದಕ್ಕೆ ಯಾರೋ ಇಟ್ಟ ಗುರುತು. ಅದಕ್ಕಿಂತ ಅಪಾಯಕಾರಿ ಸೊನ್ನೆ. ‘ಇಲ್ಲ’ ಎಂಬುದಕ್ಕೂ ‘ಉತ್ತರ ಸಿಕ್ಕಿಲ್ಲ’ ಎಂಬುದಕ್ಕೂ ಒಂದೇ ಸೊನ್ನೆ ಬಳಸಿದ ಕಡತಗಳು ಕಡಿಮೆಯೇನಿಲ್ಲ. ಖಾಲಿಯನ್ನು ಖಾಲಿಯಾಗಿಯೇ ಬಿಡಬೇಕು.

ಸ್ಪ್ರೆಡ್‌ಶೀಟ್ ಕೂಡ ನಂಬಿಕಸ್ಥನೇನಲ್ಲ. ಎಕ್ಸೆಲ್ ಕೆಲವು ವಂಶವಾಹಿಗಳ ಸಂಕ್ಷಿಪ್ತ ಹೆಸರುಗಳನ್ನು ಮಾರ್ಚ್, ಸೆಪ್ಟೆಂಬರ್ ತಿಂಗಳುಗಳೆಂದು ಭಾವಿಸಿ ದಿನಾಂಕಗಳಾಗಿ ಬದಲಿಸುತ್ತಿತ್ತು. ವರ್ಷಗಟ್ಟಲೆ ಸಂಶೋಧನಾ ಕಡತಗಳು ಹೀಗೆ ಕೆಟ್ಟವು. ಕೊನೆಗೆ 2020ರ ಹೊತ್ತಿಗೆ ವಿಜ್ಞಾನಿಗಳು ಸೋತು ಆ ವಂಶವಾಹಿಗಳ ಹೆಸರನ್ನೇ ಬದಲಾಯಿಸಿದರು!

ಹೆಜ್ಜೆ 4: ಮೊದಲು ಕಣ್ಣಿಗೆ ಕೆಲಸ ಕೊಡಿ

ಇಲ್ಲಿಂದ ಮುಂದಕ್ಕೆ ಒಂದು ಪುಟ್ಟ ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರಿಗೆ ಹತ್ತು ದಿನ ಕಚೇರಿ ತಲುಪಲು ಹಿಡಿದ ನಿಮಿಷಗಳು ಇವು ಎಂದಿಟ್ಟುಕೊಳ್ಳಿ:

32, 35, 31, 38, 34, 33, 36, 95, 34, 32

ಹಾಳೆಯ ಮೇಲೆ ಅಡ್ಡಗೆರೆ ಎಳೆದು, 30ರಿಂದ 100ರವರೆಗೆ ಗುರುತು ಹಾಕಿ, ಪ್ರತಿ ದಿನಕ್ಕೂ ಒಂದು ಚುಕ್ಕೆ ಇಡಿ. ಒಂಬತ್ತು ಚುಕ್ಕೆಗಳು ಎಡಗಡೆ ಒತ್ತೊತ್ತಾಗಿ ಕುಳಿತಿವೆ. ಒಂದು ಮಾತ್ರ ಬಲತುದಿಯಲ್ಲಿ ಒಂಟಿಯಾಗಿದೆ. ಈ ದತ್ತಾಂಶದ ಬಗ್ಗೆ ತಿಳಿಯಬೇಕಾದದ್ದರಲ್ಲಿ ಮುಕ್ಕಾಲು ಪಾಲು ಈ ಚಿತ್ರದಲ್ಲೇ ಇದೆ. ಸಂಖ್ಯೆಗಳು ನೂರಾರು ಇದ್ದಾಗ ಚುಕ್ಕೆಗಳ ಬದಲು ಹಿಸ್ಟೋಗ್ರಾಂ ಬರೆಯಬೇಕು. ಅಂದರೆ 30ರಿಂದ 34, 35ರಿಂದ 39 ಎಂದು ವರ್ಗಾಂತರಗಳನ್ನು ಮಾಡಿ, ಪ್ರತಿಯೊಂದರಲ್ಲಿ ಎಷ್ಟು ಬಿದ್ದವು ಎಂಬುದನ್ನು ಕಂಬದ ಎತ್ತರದಿಂದ ತೋರಿಸುವುದು. ವರ್ಗಾಂತರದ ಅಗಲ ಬದಲಿಸಿದರೆ ಚಿತ್ರದ ಚಹರೆ ಬದಲಾಗುತ್ತದೆ. ಆದ್ದರಿಂದ ಎರಡು ಮೂರು ಅಗಲಗಳಲ್ಲಿ ಬರೆದು ನೋಡಿ.

ಹೆಜ್ಜೆ 5: ನಡುಮಧ್ಯ ಎಲ್ಲಿದೆ?

ಹತ್ತೂ ಸಂಖ್ಯೆಗಳನ್ನು ಕೂಡಿದರೆ 400. ಹತ್ತರಿಂದ ಭಾಗಿಸಿದರೆ ಸರಾಸರಿ 40 ನಿಮಿಷ. ಲೆಕ್ಕ ಸರಿ. ಆದರೆ ಪಟ್ಟಿಯನ್ನು ಮತ್ತೊಮ್ಮೆ ನೋಡಿ: ಹತ್ತರಲ್ಲಿ ಒಂಬತ್ತು ದಿನ ಸರಾಸರಿಗಿಂತ ಬೇಗ ತಲುಪಿದ್ದಾರೆ. 40 ನಿಮಿಷ ಹಿಡಿದ ದಿನ ಒಂದೂ ಇಲ್ಲ, ಅದರ ಆಸುಪಾಸಿಗೂ ಹೆಚ್ಚು ದಿನಗಳಿಲ್ಲ.

ಈಗ ಏರಿಕೆ ಕ್ರಮದಲ್ಲಿ ಜೋಡಿಸೋಣ: 31, 32, 32, 33, 34, 34, 35, 36, 38, 95. ನಡುವಿನ ಎರಡು ಸಂಖ್ಯೆಗಳು 34 ಮತ್ತು 34. ಅವುಗಳ ಸರಾಸರಿಯಾದ 34 ಈ ಪಟ್ಟಿಯ ಮಧ್ಯಾಂಕ. 95ರ ಜಾಗದಲ್ಲಿ 950 ಇದ್ದರೂ ಮಧ್ಯಾಂಕ ಕದಲುವುದಿಲ್ಲ; ಸರಾಸರಿ 125.5ಕ್ಕೆ ಹಾರುತ್ತದೆ. ಹೀಗಾಗಿಯೇ ಆದಾಯ, ಮನೆ ಬೆಲೆ, ಕಾಯುವ ಸಮಯದಂಥ ಒಂದು ಕಡೆಗೆ ವಾಲಿದ ವಿಷಯಗಳಲ್ಲಿ ಮಧ್ಯಾಂಕವೇ ಮೇಲು.

ಹಾಗೆಂದು ಸರಾಸರಿಯನ್ನು ತಿರಸ್ಕರಿಸಬೇಕಿಲ್ಲ. ಪ್ರಶ್ನೆ ಏನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಸಾಮಾನ್ಯ ದಿನದಲ್ಲಿ ಎಷ್ಟು ಹೊತ್ತಾಗುತ್ತದೆ?’ ಎಂದರೆ 34. ‘ತಿಂಗಳಿಗೆ ಒಟ್ಟು ಎಷ್ಟು ಹೊತ್ತು ರಸ್ತೆಯಲ್ಲಿ ಕಳೆಯುತ್ತದೆ?’ ಎಂದರೆ ದಿನಗಳ ಸಂಖ್ಯೆಯನ್ನು 40ರಿಂದಲೇ ಗುಣಿಸಬೇಕು, ಏಕೆಂದರೆ ಒಟ್ಟು ಮೊತ್ತ ಅಡಗಿರುವುದು ಸರಾಸರಿಯಲ್ಲಿ. ಮೂರನೆಯದಾದ ಬಹುಲಕ, ಅಂದರೆ ಅತಿ ಹೆಚ್ಚು ಸಲ ಬಂದ ಬೆಲೆ, ಇಲ್ಲಿ 32 ಮತ್ತು 34 ಎರಡೂ. ಇಷ್ಟು ಚಿಕ್ಕ ಪಟ್ಟಿಯಲ್ಲಿ ಅದರಿಂದ ಏನೂ ತಿಳಿಯದು. ರಕ್ತದ ಗುಂಪಿನಂಥ ಹೆಸರಿನ ಚಲಕಗಳಿಗೆ ಮಾತ್ರ ಬೇರೆ ದಾರಿಯಿಲ್ಲ, ಅಲ್ಲಿ ಬಹುಲಕವೇ ಗತಿ.

ಹೆಜ್ಜೆ 6: ಹರವು ಎಷ್ಟು?

ನಡುಮಧ್ಯ ಹೇಳಿ ಹರವು ಹೇಳದಿದ್ದರೆ ಅರ್ಧ ಮಾತು ಹೇಳಿದಂತೆ. ಸುಲಭದ ಅಳತೆ ವ್ಯಾಪ್ತಿ: 95ರಿಂದ 31 ಕಳೆದರೆ 64. ಆದರೆ ಅದು ಎರಡೇ ಎರಡು ಸಂಖ್ಯೆಗಳನ್ನು ನೋಡುತ್ತದೆ, ಅದೂ ಅಂಚಿನ ಸಂಖ್ಯೆಗಳನ್ನು.

ಎಲ್ಲ ಸಂಖ್ಯೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮಾನಕ ವಿಚಲನೆ. ಇದನ್ನು ಒಂದು ಸಲವಾದರೂ ಕೈಯಲ್ಲಿ ಮಾಡಬೇಕು. ಇಲ್ಲದಿದ್ದರೆ ಅದು ಜೀವನಪೂರ್ತಿ ಮಂತ್ರವಾಗಿಯೇ ಉಳಿಯುತ್ತದೆ. ಪ್ರತಿ ಸಂಖ್ಯೆಯಿಂದ ಸರಾಸರಿ 40 ಕಳೆಯಿರಿ: −8, −5, −9, −2, −6, −7, −4, 55, −6, −8. ಇವನ್ನು ಹಾಗೇ ಕೂಡಿದರೆ ಸೊನ್ನೆ ಬರುತ್ತದೆ, ಯಾವಾಗಲೂ. ಅದಕ್ಕೇ ಒಂದೊಂದನ್ನೂ ವರ್ಗ ಮಾಡುವುದು: 64, 25, 81, 4, 36, 49, 16, 3025, 36, 64. ಮೊತ್ತ 3400. ಇದನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 19.4 ನಿಮಿಷ.

ಹತ್ತು ಸಂಖ್ಯೆಗಳಿದ್ದರೂ 9ರಿಂದ ಏಕೆ ಭಾಗಿಸಿದೆವು? ನಮ್ಮ ಬಳಿ ಇರುವುದು ಎಲ್ಲ ದಿನಗಳಲ್ಲ, ಕೆಲವು ದಿನಗಳ ಮಾದರಿ. ನಿಜವಾದ ಸರಾಸರಿ ಗೊತ್ತಿಲ್ಲದೆ ಈ ಮಾದರಿಯಿಂದಲೇ ತೆಗೆದ ಸರಾಸರಿಯನ್ನು ಬಳಸಿದ್ದರಿಂದ ಅಂತರಗಳು ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ. ಒಂದು ಕಡಿಮೆ ಮಾಡಿ ಭಾಗಿಸುವುದು ಆ ಕೊರತೆಗೆ ಪರಿಹಾರ. ಸ್ಪ್ರೆಡ್‌ಶೀಟ್‌ಗಳಲ್ಲಿ ಇದಕ್ಕಾಗಿಯೇ ಎರಡು ಸೂತ್ರಗಳಿವೆ: ಮಾದರಿಗೆ ಒಂದು, ಇಡೀ ಸಮೂಹವೇ ಕೈಯಲ್ಲಿದ್ದಾಗ ಇನ್ನೊಂದು.

ಈಗ ಆ ವರ್ಗಗಳ ಸಾಲನ್ನು ಮತ್ತೆ ನೋಡಿ. 3400ರಲ್ಲಿ 3025 ಒಂದೇ ದಿನದ ಕೊಡುಗೆ. ಆ ದಿನವನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 33.9ಕ್ಕೆ, ಮಾನಕ ವಿಚಲನೆ 2.2ಕ್ಕೆ ಇಳಿಯುತ್ತದೆ. ಅಂದರೆ 19.4 ಎಂಬುದು ಈ ಪ್ರಯಾಣದ ಹರವನ್ನು ಹೇಳುತ್ತಿರಲಿಲ್ಲ, ಒಂದು ಕೆಟ್ಟ ದಿನದ ಕಥೆ ಹೇಳುತ್ತಿತ್ತು. ‘ಸರಾಸರಿಯಿಂದ ಒಂದು ಮಾನಕ ವಿಚಲನೆಯೊಳಗೆ ಶೇ 68, ಎರಡರೊಳಗೆ ಶೇ 95ರಷ್ಟು ಬೆಲೆಗಳು ಬರುತ್ತವೆ’ ಎಂಬ ಮಾತನ್ನು ಎಲ್ಲ ಪಠ್ಯಗಳಲ್ಲೂ ಓದುತ್ತೇವೆ. ಅದು ಗಂಟೆಯಾಕಾರದ ವಿತರಣೆಗೆ, ಅಂದರೆ ನಡುವೆ ದಟ್ಟವಾಗಿದ್ದು ಎರಡೂ ಬದಿಗೆ ಒಂದೇ ರೀತಿ ವಿರಳವಾಗುತ್ತ ಹೋಗುವ ಸಂಖ್ಯೆಗಳಿಗೆ ಮಾತ್ರ ಸಲ್ಲುತ್ತದೆ. ನಮ್ಮ ಪಟ್ಟಿಗೆ ಅನ್ವಯಿಸಿದರೆ ಒಂದು ಮಾನಕ ವಿಚಲನೆಯೊಳಗಿನ ಭಾಗ ಸುಮಾರು 21 ನಿಮಿಷದಿಂದ 59 ನಿಮಿಷ ಎಂದಾಗುತ್ತದೆ. ಮೂವತ್ತು ನಿಮಿಷದೊಳಗೆ ತಲುಪಿದ ಒಂದು ದಿನವೂ ಇಲ್ಲಿಲ್ಲ!

ಹೆಜ್ಜೆ 7: ಒಂಟಿ ಚುಕ್ಕೆಯನ್ನು ಏನು ಮಾಡುವುದು?

ಮೊದಲು ಅದು ನಿಜಕ್ಕೂ ಒಂಟಿಯೇ ಎಂದು ಅಳೆಯಲು ಸಂಖ್ಯಾಶಾಸ್ತ್ರಜ್ಞ ಜಾನ್ ಟುಕಿ ಕೊಟ್ಟ ಒಂದು ಸರಳ ನಿಯಮವಿದೆ. ಕೆಳ ಅರ್ಧದ ಮಧ್ಯಾಂಕ 32, ಮೇಲಿನ ಅರ್ಧದ ಮಧ್ಯಾಂಕ 36. ಇವು ಮೊದಲ ಮತ್ತು ಮೂರನೆಯ ಚತುರ್ಥಕಗಳು. ಇವುಗಳ ಅಂತರ 4. ಅದರ ಒಂದೂವರೆ ಪಟ್ಟು, ಅಂದರೆ 6 ಅನ್ನು 36ಕ್ಕೆ ಕೂಡಿಸಿ, 32ರಿಂದ ಕಳೆಯಿರಿ. 26ರಿಂದ 42ರ ನಡುವೆ ಬಿದ್ದದ್ದು ಮಾಮೂಲು, ಹೊರಗೆ ಬಿದ್ದದ್ದನ್ನು ವಿಚಾರಿಸಬೇಕು. 38 ಒಳಗಿದೆ, 95 ಹೊರಗಿದೆ. ನಿಮ್ಮ ಸ್ಪ್ರೆಡ್‌ಶೀಟ್ 32 ಮತ್ತು 36ರ ಬದಲು 32.25 ಮತ್ತು 35.75 ತೋರಿಸಿದರೆ ಗಾಬರಿ ಬೇಡ. ಚತುರ್ಥಕ ತೆಗೆಯಲು ಒಂದಕ್ಕಿಂತ ಹೆಚ್ಚು ಒಪ್ಪಿತ ವಿಧಾನಗಳಿವೆ.

ವಿಚಾರಿಸಬೇಕು ಎಂದೆ, ಅಳಿಸಬೇಕು ಎನ್ನಲಿಲ್ಲ. 35 ಎಂದು ಬರೆಯುವಲ್ಲಿ ಕೈತಪ್ಪಿ 95 ಆಗಿದ್ದರೆ ತಿದ್ದಿ. ರಸ್ತೆ ಬಂದ್ ಆಗಿ ನಿಜವಾಗಿಯೂ 95 ನಿಮಿಷ ಹಿಡಿದಿದ್ದರೆ ಅದು ಸತ್ಯ, ಉಳಿಯಬೇಕು. ಹಾಗಿದ್ದಾಗ ಅದನ್ನು ಸೇರಿಸಿಯೂ ಬಿಟ್ಟೂ ಎರಡು ಲೆಕ್ಕ ಕೊಡುವುದು ಪ್ರಾಮಾಣಿಕ ದಾರಿ. ಬೇಕಾದ ಉತ್ತರ ಬರುವವರೆಗೂ ಒಂದೊಂದೇ ಚುಕ್ಕೆಯನ್ನು ಕೀಳುತ್ತಾ ಹೋಗುವುದಕ್ಕೆ ಸಂಖ್ಯಾಶಾಸ್ತ್ರ ಎಂಬ ಹೆಸರಿಲ್ಲ.

ಹೆಜ್ಜೆ 8: ಮಾದರಿ ಯಾರನ್ನು ಬಿಟ್ಟಿದೆ?

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಉರಿ ಸಿಕ್ಕಿದ್ದರೆ ಮಾತ್ರ ಆ ಮಾತು ನಿಜ. ಜನರ ವಿಷಯದಲ್ಲಿ ಹಾಗಿರುವುದಿಲ್ಲ.

1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರದ ಮಾದರಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದವರು ರೂಸ್ವೆಲ್ಟ್, ಲ್ಯಾಂಡನ್‌ಗೆ ದಕ್ಕಿದ್ದು ಎರಡೇ ರಾಜ್ಯಗಳು. ವಿಳಾಸಗಳನ್ನು ತೆಗೆದದ್ದು ಟೆಲಿಫೋನ್ ಪಟ್ಟಿ, ಕಾರು ನೋಂದಣಿಯಂಥ ಕಡೆಗಳಿಂದ. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಇದ್ದವರು ಯಾರು? ಅದಕ್ಕಿಂತ ಮುಖ್ಯವಾಗಿ, ಕಳುಹಿಸಿದವರಲ್ಲಿ ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ. ಉತ್ತರಿಸುವ ಹುಮ್ಮಸ್ಸಿದ್ದವರ ಒಲವು ಬೇರೆಯೇ ಆಗಿತ್ತು. ಅದೇ ಚುನಾವಣೆಯಲ್ಲಿ ಇದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡು ಜನಾಭಿಪ್ರಾಯ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಪತ್ರಿಕೆ ಎರಡು ವರ್ಷಗಳಲ್ಲಿ ಮುಚ್ಚಿತು.

ಇನ್ನೂ ಸೂಕ್ಷ್ಮವಾದ ತಪ್ಪು, ಉಳಿದುಬಂದವರನ್ನು ಮಾತ್ರ ನೋಡುವುದು. ಎರಡನೆಯ ಮಹಾಯುದ್ಧದಲ್ಲಿ ಗಣಿತಜ್ಞ ಅಬ್ರಹಾಂ ವಾಲ್ಡ್ ಯುದ್ಧವಿಮಾನಗಳಿಗೆ ಬಿದ್ದ ಗುಂಡಿನ ಗುರುತುಗಳನ್ನು ಅಧ್ಯಯನ ಮಾಡಿದರು. ಅವರ ಲೆಕ್ಕದ ತಿರುಳು ಇಷ್ಟು: ಕೈಯಲ್ಲಿರುವುದು ಮರಳಿ ಬಂದ ವಿಮಾನಗಳ ಮಾಹಿತಿ ಮಾತ್ರ. ಅವುಗಳಲ್ಲಿ ಗುಂಡಿನ ಗುರುತು ವಿರಳವಾಗಿರುವ ಭಾಗವೇ ನಿಜವಾದ ದುರ್ಬಲ ಭಾಗ, ಏಕೆಂದರೆ ಅಲ್ಲಿ ಪೆಟ್ಟು ತಿಂದವು ವಾಪಸು ಬರಲೇ ಇಲ್ಲ.

ಮಾದರಿಯನ್ನು ನಿಜವಾಗಿಯೂ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಆರಿಸಿದ್ದರೆ ಒಂದು ಅಂದಾಜು ಸೂತ್ರ ಕೈಯಲ್ಲಿರಲಿ. ಹೌದು–ಇಲ್ಲ ಬಗೆಯ ಪ್ರಶ್ನೆಯಲ್ಲಿ ತಪ್ಪಿನ ಅಂಚು, ಅಂದರೆ ಮಾದರಿಯ ಉತ್ತರ ನಿಜವಾದ ಉತ್ತರದಿಂದ ಸಾಮಾನ್ಯವಾಗಿ ಆಚೀಚೆ ಆಗಬಹುದಾದಷ್ಟು ದೂರ, ಸರಿಸುಮಾರು ಒಂದನ್ನು ಮಾದರಿಯ ಗಾತ್ರದ ವರ್ಗಮೂಲದಿಂದ ಭಾಗಿಸಿದಷ್ಟು. 100 ಜನರಾದರೆ ಹೆಚ್ಚುಕಡಿಮೆ 10 ಶೇಕಡಾ ಅಂಶ, 400ಕ್ಕೆ 5, 1000ಕ್ಕೆ ಸುಮಾರು 3, ಹತ್ತು ಸಾವಿರಕ್ಕೆ 1. ನಿಖರತೆ ಇಮ್ಮಡಿಯಾಗಬೇಕಾದರೆ ಶ್ರಮ ನಾಲ್ಕು ಪಟ್ಟಾಗಬೇಕು. ಆರಿಸುವ ರೀತಿಯೇ ಓರೆಯಾಗಿದ್ದರೆ ಈ ಸೂತ್ರ ಕೊಡುವುದು ಸುಳ್ಳು ಧೈರ್ಯ ಮಾತ್ರ.

ಹೆಜ್ಜೆ 9: ಎರಡು ಸಂಗತಿಗಳು ಜೊತೆಯಾಗಿ ಏರಿದಾಗ

ಎರಡು ಚಲಕಗಳು ಒಂದು ನೇರಗೆರೆಯಲ್ಲಿ ಎಷ್ಟರಮಟ್ಟಿಗೆ ಒಟ್ಟಿಗೆ ಸಾಗುತ್ತವೆ ಎಂಬುದನ್ನು ಸಹಸಂಬಂಧ ಗುಣಾಂಕ −1ರಿಂದ +1ರ ನಡುವಿನ ಒಂದು ಸಂಖ್ಯೆಯಾಗಿ ಹೇಳುತ್ತದೆ. ಗ್ರಾಫ್ ನೋಡದೆ ಅದನ್ನು ನಂಬಬೇಡಿ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕಂಬ್ ಹನ್ನೊಂದು ಹನ್ನೊಂದು ಚುಕ್ಕೆಗಳ ನಾಲ್ಕು ಪಟ್ಟಿಗಳನ್ನು ಹೆಣೆದರು. ನಾಲ್ಕರಲ್ಲೂ ಸರಾಸರಿಗಳು 9 ಮತ್ತು 7.5, ಸಹಸಂಬಂಧ ಸುಮಾರು 0.82. ಗ್ರಾಫ್ ಬರೆದರೆ ಒಂದು ಮಾಮೂಲಿ ಚದುರಿದ ಗೆರೆ, ಇನ್ನೊಂದು ಕಮಾನು, ಮೂರನೆಯದರಲ್ಲಿ ಒಂದೇ ಚುಕ್ಕೆ ದಾರಿ ತಪ್ಪಿದ ನೇರಗೆರೆ, ನಾಲ್ಕನೆಯದರಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಒಂದೇ ಕಂಬದಂತೆ ಲಂಬವಾಗಿ ನಿಂತಿವೆ.

ಸಹಸಂಬಂಧ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ, ಆಮೇಲೆ ಮರೆಯುತ್ತಾರೆ. ಮರೆಯಲ್ಲಿ ನಿಂತ ಮೂರನೆಯ ಅಂಶ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ 1986ರಲ್ಲಿ ಪ್ರಕಟವಾದ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಯ ಅಧ್ಯಯನವನ್ನು ಎದುರಿಗಿಟ್ಟುಕೊಳ್ಳಿ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ 350ರಲ್ಲಿ 273 ಮಂದಿಗೆ ಗುಣವಾಯಿತು, ಶೇ 78. ಸಣ್ಣ ರಂಧ್ರದ ಮೂಲಕ ಮಾಡುವ ಚಿಕಿತ್ಸೆಯಲ್ಲಿ 350ರಲ್ಲಿ 289, ಶೇ 83. ಎರಡನೆಯದೇ ಉತ್ತಮ ಎನ್ನಿಸುತ್ತದೆ. ಈಗ ಕಲ್ಲಿನ ಗಾತ್ರದ ಪ್ರಕಾರ ಬಿಡಿಸಿ. ಚಿಕ್ಕ ಕಲ್ಲುಗಳಲ್ಲಿ ತೆರೆದ ಚಿಕಿತ್ಸೆ 87ರಲ್ಲಿ 81, ಶೇ 93. ಇನ್ನೊಂದು 270ರಲ್ಲಿ 234, ಶೇ 87. ದೊಡ್ಡ ಕಲ್ಲುಗಳಲ್ಲಿ ತೆರೆದದ್ದು 263ರಲ್ಲಿ 192, ಶೇ 73. ಇನ್ನೊಂದು 80ರಲ್ಲಿ 55, ಶೇ 69. ಎರಡೂ ಗುಂಪುಗಳಲ್ಲಿ ತೆರೆದ ಚಿಕಿತ್ಸೆಯೇ ಮುಂದು, ಒಟ್ಟು ಲೆಕ್ಕದಲ್ಲಿ ಮಾತ್ರ ಹಿಂದು! ಕಷ್ಟದ ದೊಡ್ಡ ಕಲ್ಲುಗಳು ಹೆಚ್ಚಾಗಿ ತೆರೆದ ಚಿಕಿತ್ಸೆಯ ಪಾಲಿಗೇ ಬಂದಿದ್ದವು. ಇದಕ್ಕೆ ಸಿಂಪ್ಸನ್‌ನ ವಿರೋಧಾಭಾಸ ಎಂದು ಹೆಸರು. ಎರಡು ಗುಂಪುಗಳ ಶೇಕಡಾವಾರು ಹೋಲಿಸುವಾಗಲೆಲ್ಲ ‘ಎರಡೂ ಕಡೆ ಒಂದೇ ಬಗೆಯವರಿದ್ದಾರೆಯೇ?’ ಎಂದು ಕೇಳಿ.

ಹೆಜ್ಜೆ 10: ಬರೆದು ಹೇಳುವಾಗ

ಶೇಕಡಾ ಬರೆದಲ್ಲೆಲ್ಲ ಅದು ಎಷ್ಟರಲ್ಲಿ ಎಷ್ಟು ಎಂಬುದನ್ನೂ ಬರೆಯಿರಿ. ಮೂವರಲ್ಲಿ ಇಬ್ಬರು ಒಪ್ಪಿದ್ದನ್ನು ‘ಶೇ 66.7’ ಎನ್ನುವುದು ತೋರಿಕೆ. ಬಡ್ಡಿದರ ಶೇ 4ರಿಂದ 5ಕ್ಕೆ ಏರಿದರೆ ಅದು ಒಂದು ಶೇಕಡಾ ಅಂಶದ ಏರಿಕೆ, ಅಥವಾ ಶೇ 25ರ ಏರಿಕೆ. ಎರಡೂ ಸರಿ, ಆದರೆ ಯಾವುದೆಂದು ಹೇಳಬೇಕು. ‘ಅಪಾಯ ಶೇ 50ರಷ್ಟು ಹೆಚ್ಚುತ್ತದೆ’ ಎಂಬ ಶೀರ್ಷಿಕೆ ಕಂಡಾಗ ಮೂಲ ಅಪಾಯ ಎಷ್ಟಿತ್ತೆಂದು ಹುಡುಕಿ. ಹತ್ತು ಸಾವಿರದಲ್ಲಿ ಇಬ್ಬರಿದ್ದದ್ದು ಮೂವರಾದರೂ ಅದು ಶೇ 50ರ ಹೆಚ್ಚಳವೇ. ಇನ್ನು, ಶೇ 50 ಇಳಿದದ್ದು ಶೇ 50 ಏರಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ. 100 ಇದ್ದದ್ದು 50ಕ್ಕೆ ಇಳಿದು 75ಕ್ಕೆ ನಿಲ್ಲುತ್ತದೆ.

ನಮ್ಮ ಪ್ರಯಾಣದ ಪಟ್ಟಿಯನ್ನು ಯಾರಿಗಾದರೂ ಹೇಳಬೇಕಾದರೆ ಹೀಗೆ ಬರೆಯಬಹುದು: ‘ಹತ್ತು ದಿನಗಳ ದಾಖಲೆಯಂತೆ ಕಚೇರಿ ತಲುಪಲು ಹಿಡಿದ ಸಮಯದ ಮಧ್ಯಾಂಕ 34 ನಿಮಿಷ. ಒಂಬತ್ತು ದಿನ 31ರಿಂದ 38 ನಿಮಿಷದೊಳಗೆ ತಲುಪಿದ್ದಾಗಿದೆ. ಒಂದು ದಿನ 95 ನಿಮಿಷ ಹಿಡಿದಿದೆ.’ ಇದರಲ್ಲಿ ಮಾನಕ ವಿಚಲನೆ ಇಲ್ಲ, ದಶಮಾಂಶವೂ ಇಲ್ಲ. ಆ ಒಂಬತ್ತು ದಿನಗಳ ಸರಾಸರಿಯನ್ನು ಸ್ಪ್ರೆಡ್‌ಶೀಟ್ 33.88888889 ಎಂದು ತೋರಿಸೀತು. ನಿಮಿಷಕ್ಕಿಂತ ಸೂಕ್ಷ್ಮವಾಗಿ ಯಾರೂ ಅಳೆದೇ ಇಲ್ಲವಾದ್ದರಿಂದ 34 ಎಂದು ಬರೆದರೆ ಸಾಕು.